ಎಫ್‌ಎ ಕಪ್

ಇಂಗ್ಲೆಂಡಿನ ರಾಷ್ಟ್ರೀಯ ನಾಕೌಟ್ ಫುಟ್‌ಬಾಲ್ ಪಂದ್ಯಾವಳಿ. 1871ರಲ್ಲಿ ಆರಂಭವಾದ ಇದು ಜಗತ್ತಿನ ಅತ್ಯಂತ ಹಳೆಯ ರಾಷ್ಟ್ರಮಟ್ಟದ ಫುಟ್‌ಬಾಲ್ ಸ್ಪರ್ಧೆ. ಸೋತವರು ಅಲ್ಲಿಗೇ ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಯಾರ ಎದುರು ಯಾರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಈಗ ಪ್ರತಿ ಋತುವಿನಲ್ಲಿ ಏಳುನೂರಕ್ಕೂ ಹೆಚ್ಚು ಕ್ಲಬ್‌ಗಳು ಕಣಕ್ಕಿಳಿಯುತ್ತವೆ. ಸಣ್ಣ ಊರಿನ ತಂಡಗಳು ಘಟಾನುಘಟಿಗಳನ್ನು ಮಣಿಸಿದ ಪ್ರಸಂಗಗಳ ಸರಮಾಲೆಯಾಗಿ ಇದರ ಚರಿತ್ರೆಯನ್ನು ಹೇಳುವುದು ರೂಢಿ. ಆ ಪ್ರಸಂಗಗಳು ನಿಜವಾದರೂ ಕಪ್ಪಿನ ಹಿರಿಮೆಯನ್ನು ಅವು ಪೂರ್ತಿಯಾಗಿ ವಿವರಿಸುವುದಿಲ್ಲ. ಪರಸ್ಪರ ಭೇಟಿಯಾಗಲು ಬೇರೆ ಯಾವ ಕಾರಣವೂ ಇಲ್ಲದ ಜನರನ್ನು, ಪ್ರದೇಶಗಳನ್ನು ಮತ್ತು ವರ್ಗಗಳನ್ನು ಅದು ಒಂದೇ ಮೈದಾನಕ್ಕೆ ಎಳೆದು ತಂದಿತು. ಆಟದ ಸಮಾನ ನಿಯಮಗಳು, ಆಟಗಾರರ ಸಂಬಳ ಮತ್ತು ಕೊನೆಗೆ ಲೀಗ್ ಪದ್ಧತಿ ಹುಟ್ಟಿದ್ದು ಬಹುಮಟ್ಟಿಗೆ ಆ ಮುಖಾಮುಖಿಯ ತಿಕ್ಕಾಟದಿಂದ.

ಈ ಕಪ್ಪಿನ ಕಲ್ಪನೆ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಸಂಸ್ಥೆಯ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ ಅವರದು. ತಾವು ಓದಿದ ಹ್ಯಾರೋ ಶಾಲೆಯಲ್ಲಿ ವಿದ್ಯಾರ್ಥಿನಿಲಯಗಳ ನಡುವೆ ನಡೆಯುತ್ತಿದ್ದ ನಾಕೌಟ್ ಪಂದ್ಯಗಳ ಮಾದರಿಯನ್ನೇ ಅವರು 1871ರ ಜುಲೈ 20ರಂದು ಲಂಡನ್ನಿನ ಪತ್ರಿಕಾ ಕಚೇರಿಯೊಂದರಲ್ಲಿ ಸೇರಿದ ಸಭೆಯ ಮುಂದಿಟ್ಟರು. ಮೊದಲ ವರ್ಷ ಹೆಸರು ಕೊಟ್ಟವು 15 ಕ್ಲಬ್‌ಗಳು. ಬೆಳ್ಳಿಯ ಪುಟ್ಟ ಕಪ್ಪಿಗೆ ತಗುಲಿದ ಖರ್ಚು 20 ಪೌಂಡ್. ಆರಂಭ ಅಷ್ಟೇನೂ ಅಚ್ಚುಕಟ್ಟಾಗಿರಲಿಲ್ಲ. ಚಾಂಪಿಯನ್ ಆದ ವಾಂಡರರ್ಸ್ ತಂಡ ಫೈನಲ್‌ಗೆ ಮುನ್ನ ಮೈದಾನದಲ್ಲಿ ಗೆದ್ದದ್ದು ಒಂದೇ ಪಂದ್ಯ. ಮೊದಲ ಎದುರಾಳಿ ಹಿಂದೆ ಸರಿಯಿತು, ಇನ್ನೊಂದು ಪಂದ್ಯ ಸಮನಾದಾಗ ಎರಡೂ ತಂಡಗಳನ್ನು ಮುಂದಕ್ಕೆ ಕಳಿಸಲಾಯಿತು. ಸೆಮಿಫೈನಲ್‌ನಲ್ಲಿ ಸಮಬಲ ತೋರಿದ ಗ್ಲ್ಯಾಸ್ಗೋದ ಕ್ವೀನ್ಸ್ ಪಾರ್ಕ್, ಮರುಪಂದ್ಯಕ್ಕಾಗಿ ಲಂಡನ್ನಿನಲ್ಲಿ ಉಳಿಯಲು ಹಣವಿಲ್ಲದೆ ಊರಿಗೆ ಮರಳಿತು. 1872ರ ಮಾರ್ಚ್ 16ರಂದು ಕೆನಿಂಗ್ಟನ್ ಓವಲ್‌ನಲ್ಲಿ ಸುಮಾರು ಎರಡು ಸಾವಿರ ಜನರೆದುರು ರಾಯಲ್ ಎಂಜಿನಿಯರ್ಸ್ ತಂಡವನ್ನು ವಾಂಡರರ್ಸ್ 1–0ರಿಂದ ಸೋಲಿಸಿತು. ಗೋಲು ಹೊಡೆದ ಮಾರ್ಟನ್ ಪೀಟೊ ಬೆಟ್ಸ್ ಆಡಿದ್ದು ಎ. ಎಚ್. ಚೆಕರ್ ಎಂಬ ಮಾರುಹೆಸರಿನಲ್ಲಿ. ಹಣವಿಲ್ಲದವರು ಅರ್ಧದಲ್ಲೇ ಹೊರಬೀಳುವ ಸಮಸ್ಯೆ ಮೊದಲ ವರ್ಷವೇ ಕಾಣಿಸಿಕೊಂಡದ್ದು ಗಮನಾರ್ಹ. ಕಪ್ಪಿನ ಮುಂದಿನ ಚರಿತ್ರೆಯುದ್ದಕ್ಕೂ ಅದು ಬೇರೆ ಬೇರೆ ರೂಪಗಳಲ್ಲಿ ಎದುರಾಗುತ್ತದೆ.

ಆಗ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಎಂದರೆ ಒಂದೇ ಆಟವಾಗಿರಲಿಲ್ಲ. ಶೆಫೀಲ್ಡಿನ ಕ್ಲಬ್‌ಗಳಿಗೆ ಅವರದೇ ನಿಯಮಾವಳಿ, ಲಂಡನ್ನಿಗೆ ಇನ್ನೊಂದು. ಗೆಳೆತನದ ಪಂದ್ಯವಾದರೆ ಆತಿಥೇಯರ ನಿಯಮ ಒಪ್ಪಿಕೊಂಡು ಆಡಬಹುದಿತ್ತು. ಸೋತರೆ ವರ್ಷದ ಆಸೆಯೇ ಮುಗಿಯುವ ಪಂದ್ಯದಲ್ಲಿ ಅಂಥ ಔದಾರ್ಯ ನಡೆಯುವುದಿಲ್ಲ. ಶೆಫೀಲ್ಡಿನವರು ಕಪ್ಪಿಗಾಗಿ ಆಡತೊಡಗಿದ ಕೆಲವೇ ವರ್ಷಗಳಲ್ಲಿ, 1877ರಲ್ಲಿ, ಎರಡೂ ನಿಯಮಾವಳಿಗಳು ಒಂದಾದವು. ಪೆನಾಲ್ಟಿ ಕಿಕ್‌ನ ವಿಷಯದಲ್ಲೂ ಕಪ್ಪಿನ ಪಾತ್ರವಿದೆ. 1891ರ ಕ್ವಾರ್ಟರ್‌ಫೈನಲ್‌ನಲ್ಲಿ ಸ್ಟೋಕ್ ತಂಡದ ಹೊಡೆತ ಗೋಲಿನೊಳಗೆ ಹೋಗುವುದರಲ್ಲಿತ್ತು. ನಾಟ್ಸ್ ಕೌಂಟಿಯ ಡಿಫೆಂಡರ್ ಅದನ್ನು ಗೋಲುಗೆರೆಯ ಮೇಲೆ ಕೈಯಿಂದ ತಡೆದ. ಸ್ಟೋಕ್‌ಗೆ ಸಿಕ್ಕ ಫ್ರೀ ಕಿಕ್ ಗೆರೆಯಿಂದ ಕೆಲವೇ ಅಂಗುಲ ದೂರದ್ದು. ಗೋಲ್‌ಕೀಪರ್ ಚೆಂಡಿಗೆ ಅಡ್ಡವಾಗಿ ನಿಂತ, ನಾಟ್ಸ್ ಕೌಂಟಿ 1–0ರಿಂದ ಗೆದ್ದಿತು. ಪೆನಾಲ್ಟಿಯ ಪ್ರಸ್ತಾವ ಐರ್ಲೆಂಡಿನಿಂದ ಹಿಂದಿನ ವರ್ಷವೇ ಬಂದಿತ್ತು. ಈ ಪಂದ್ಯದ ಅನ್ಯಾಯ ಎಲ್ಲರ ಕಣ್ಣಿಗೆ ಹೊಡೆದು ಕಂಡದ್ದು ಅದಕ್ಕೆ ಬಲ ಕೊಟ್ಟಿತು. ಅದೇ ಜೂನ್‌ನಲ್ಲಿ ನಿಯಮ ಜಾರಿಯಾಯಿತು.

ವರ್ಗಗಳ ಮುಖಾಮುಖಿ ಇನ್ನೂ ತೀವ್ರವಾಗಿತ್ತು. 1879ರಲ್ಲಿ ಲ್ಯಾಂಕಶೈರಿನ ಹತ್ತಿಗಿರಣಿಗಳ ಊರು ಡಾರ್ವೆನ್, ಶ್ರೀಮಂತ ಮನೆತನದವರ ಓಲ್ಡ್ ಎಟೋನಿಯನ್ಸ್ ತಂಡವನ್ನು ಎದುರಿಸಿತು. 1–5ರಿಂದ ಹಿಂದಿದ್ದ ಡಾರ್ವೆನ್ ಕೊನೆಯ ಹಂತದಲ್ಲಿ ನಾಲ್ಕು ಗೋಲು ಹೊಡೆದು ಪಂದ್ಯವನ್ನು 5–5ಕ್ಕೆ ತಂದಿತು. ಎದುರಾಳಿಗಳು ಹೆಚ್ಚುವರಿ ಸಮಯ ಆಡಲು ಒಪ್ಪಲಿಲ್ಲ. ನಿಯಮದಂತೆ ಮರುಪಂದ್ಯಗಳೂ ಲಂಡನ್ನಿನಲ್ಲೇ ಆಗಬೇಕು. ಊರವರು ಚಂದಾ ಎತ್ತಿ ತಂಡವನ್ನು ಮತ್ತೆ ಮತ್ತೆ ಕಳಿಸಿದರು. ಎರಡನೆಯದು 2–2. ಮೂರನೆಯದರಲ್ಲಿ, ಅಷ್ಟು ದೂರ ಮೂರು ಬಾರಿ ಓಡಾಡಿ ದಣಿದ ಕಾರ್ಮಿಕರು 2–6ರಿಂದ ಸೋತರು. ಆ ತಂಡದಲ್ಲಿದ್ದ ಸ್ಕಾಟ್ಲೆಂಡಿನ ಫರ್ಗಸ್ ಸೂಟರ್ ಕಲ್ಲುಕುಟಿಗನ ಕಸಬನ್ನು ಬಿಟ್ಟು ಬರೀ ಆಟವಾಡುತ್ತಿದ್ದುದು ಗುಟ್ಟಾಗಿ ಹಣ ಸಿಗುತ್ತಿದೆಯೆಂಬ ಗುಮಾನಿಗೆ ಎಡೆಮಾಡಿತು. 1883ರ ಫೈನಲ್‌ನಲ್ಲಿ ನೇಕಾರರು, ನೂಲುವವರು, ಕೊಳಾಯಿ ಕೆಲಸದವರು ಇದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಅದೇ ಓಲ್ಡ್ ಎಟೋನಿಯನ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋಲಿಸಿತು. ಫೈನಲ್‌ಗೆ ಮೊದಲು ಅವರು ಬ್ಲ್ಯಾಕ್‌ಪೂಲಿನಲ್ಲಿ ತಾಲೀಮು ನಡೆಸಿದ್ದರು. ಆ ಖರ್ಚಿನ ಹಿಂದೆ ಊರಿನ ಕಬ್ಬಿಣದ ಎರಕದ ಕಾರ್ಖಾನೆಯ ಮಾಲೀಕರಿದ್ದರು. ಆಮೇಲೆ ಯಾವ ಹವ್ಯಾಸಿ ತಂಡಕ್ಕೂ ಕಪ್ ದಕ್ಕಿಲ್ಲ. ಮರುವರ್ಷ ಅಪ್ಟನ್ ಪಾರ್ಕ್ ತಂಡದ ದೂರಿನ ಮೇಲೆ ಪ್ರೆಸ್ಟನ್ ಕ್ಲಬ್ ವಿಚಾರಣೆ ಎದುರಿಸಿದಾಗ, ಅದರ ಮುಖ್ಯಸ್ಥ ವಿಲಿಯಂ ಸಡೆಲ್ ಆಟಗಾರರಿಗೆ ಹಣ ಕೊಡುವುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಪ್ರೆಸ್ಟನ್ ಸ್ಪರ್ಧೆಯಿಂದ ಹೊರಬಿತ್ತು, ಆದರೆ ಉತ್ತರದ ಕ್ಲಬ್‌ಗಳು ಒಟ್ಟಾಗಿ ಹೊರನಡೆಯುವ ಬೆದರಿಕೆ ಹಾಕಿದವು. 1885ರ ಜುಲೈನಲ್ಲಿ ವೃತ್ತಿಪರ ಆಟಕ್ಕೆ ಮಾನ್ಯತೆ ಸಿಕ್ಕಿತು.

ಕಪ್ ಇಲ್ಲದಿದ್ದರೂ ಇದೆಲ್ಲ ಆಗುತ್ತಿತ್ತು ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಗಿರಣಿ ಕಾರ್ಮಿಕರಿಗೆ ಶನಿವಾರದ ಅರ್ಧ ರಜೆ ದೊರೆತಿತ್ತು, ರೈಲು ದೂರವನ್ನು ಕುಗ್ಗಿಸಿತ್ತು, ದುಡ್ಡು ಕೊಟ್ಟು ಆಟ ನೋಡುವ ಜನ ಆಗಲೇ ಇದ್ದರು. ಇಷ್ಟಾದರೂ ಈ ಶಕ್ತಿಗಳು ಆಯಾ ಊರಿನೊಳಗೇ ಹರಿದುಹೋಗಬಹುದಿತ್ತು. ರಗ್ಬಿಯಲ್ಲಿ ಉತ್ತರದ ಕಾರ್ಮಿಕ ಕ್ಲಬ್‌ಗಳಿಗೂ ದಕ್ಷಿಣದ ಹವ್ಯಾಸಿಗಳಿಗೂ ಇದೇ ಸಂಬಳದ ಪ್ರಶ್ನೆಯ ಮೇಲೆ ಜಗಳ ಹತ್ತಿ 1895ರಲ್ಲಿ ಆಟವೇ ಇಬ್ಭಾಗವಾಯಿತು. ಫುಟ್‌ಬಾಲ್ ಒಡೆಯಲಿಲ್ಲ. ಎರಡೂ ಕಡೆಯವರು ಬಿಟ್ಟುಕೊಡಲೊಲ್ಲದ ಒಂದು ಬಹುಮಾನ ಇಲ್ಲಿತ್ತು ಎಂಬುದನ್ನು ಇದಕ್ಕೆ ಪ್ರಮುಖ ಕಾರಣವೆಂದು ಎಣಿಸಬೇಕು. ಲೀಗ್ ಕೂಡ ಕಪ್ಪಿನಲ್ಲಿದ್ದ ಕೊರತೆಯಿಂದಲೇ ಹುಟ್ಟಿತು. ಬೇಗ ಸೋತ ತಂಡಕ್ಕೆ ಪಂದ್ಯಗಳಿಲ್ಲ, ಪಂದ್ಯವಿಲ್ಲದೆ ಆಟಗಾರರಿಗೆ ಸಂಬಳ ಕೊಡುವಂತಿಲ್ಲ. ಈ ಅನಿಶ್ಚಿತತೆ ನೀಗಿಸಲೆಂದೇ ಆಸ್ಟನ್ ವಿಲ್ಲಾದ ವಿಲಿಯಂ ಮೆಕ್‌ಗ್ರೆಗರ್ 1888ರಲ್ಲಿ 12 ಕ್ಲಬ್‌ಗಳ ಲೀಗ್ ಕಟ್ಟಿದರು. ಮೊದಲ ಋತುವಿನಲ್ಲೇ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದದ್ದು ಹಿಂದೆ ಹೊರದಬ್ಬಿಸಿಕೊಂಡಿದ್ದ ಪ್ರೆಸ್ಟನ್. ಬ್ರಿಟಿಷರು ಇದೇ ನಾಕೌಟ್ ಮಾದರಿಯನ್ನು ಭಾರತಕ್ಕೂ ತಂದರು. ಅವರ ಸೇನಾ ತಂಡಗಳು ಆಳುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಮೊದಲು ಕಿತ್ತುಕೊಂಡ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್.

ಇಪ್ಪತ್ತನೆಯ ಶತಮಾನದಲ್ಲಿ ಕಪ್ ಜನಸಾಗರವನ್ನೇ ಸೆಳೆಯಿತು. 1901ರಲ್ಲಿ ಲೀಗ್‌ನಲ್ಲೇ ಇಲ್ಲದ ಟಾಟನ್‌ಹ್ಯಾಮ್ ಚಾಂಪಿಯನ್ ಆಯಿತು. 1927ರಲ್ಲಿ ವೇಲ್ಸಿನ ಕಾರ್ಡಿಫ್ ಸಿಟಿ ಆರ್ಸೆನಲ್ ತಂಡವನ್ನು ಸೋಲಿಸಿ, ಕಪ್ಪನ್ನು ಇಂಗ್ಲೆಂಡಿನಾಚೆ ಒಯ್ದ ಏಕೈಕ ಕ್ಲಬ್ ಎನಿಸಿತು. 1923ರಲ್ಲಿ ವೆಂಬ್ಲಿಯ ಮೊದಲ ಫೈನಲ್‌ಗೆ ದಾಖಲೆಯ ಪ್ರಕಾರವೇ 1,26,047 ಜನ ಬಂದಿದ್ದರು, ನಿಜವಾಗಿ ಅದಕ್ಕಿಂತ ಬಹಳ ಹೆಚ್ಚು. ಹಾಗೆ ಬಂದ ಜನರ ಜೀವಕ್ಕೆ ಆಟದ ಆಡಳಿತಗಾರರು ಕೊಟ್ಟ ಬೆಲೆ ನಾಚಿಕೆಗೇಡಿನದು. 1946ರಲ್ಲಿ ಬೋಲ್ಟನ್‌ನ ಬರ್ನ್‌ಡೆನ್ ಪಾರ್ಕ್‌ನಲ್ಲಿ ನೂಕುನುಗ್ಗಲಿಗೆ ಸಿಕ್ಕಿ 33 ಜನ ಸತ್ತರು. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಮೈದಾನದ ಸೆಮಿಫೈನಲ್‌ನಲ್ಲಿ ಆದ ಅಂಥದೇ ದುರಂತಕ್ಕೆ ಬಲಿಯಾದ ಲಿವರ್‌ಪೂಲ್ ಅಭಿಮಾನಿಗಳು 97. ಅವರ ಮೇಲೆಯೇ ಹೊರಿಸಿದ್ದ ಅಪವಾದವನ್ನು ತೊಡೆದುಹಾಕಿ, ಅವರದು ಕಾನೂನುಬಾಹಿರ ಹತ್ಯೆ ಎಂಬ ತೀರ್ಪನ್ನು ಪಡೆಯಲು ಕುಟುಂಬಗಳು 2016ರವರೆಗೆ ಹೋರಾಡಬೇಕಾಯಿತು.

ಎಲ್ಲರಿಗೂ ಪ್ರವೇಶವೆಂಬುದು ಹೆಸರಿಗಷ್ಟೇ ಎಂಬುದು ಇನ್ನೊಂದು ಆಕ್ಷೇಪ. ಮೇಲಿನ ಎರಡು ಶ್ರೇಣಿಗಳ 44 ಕ್ಲಬ್‌ಗಳು ನೇರ ಮೂರನೇ ಸುತ್ತಿಗೆ ಬರುತ್ತವೆ. ತೀರಾ ಕೆಳಗಿನವು ಆಗಸ್ಟ್‌ನಿಂದಲೇ ಅರ್ಹತಾ ಸುತ್ತುಗಳಲ್ಲಿ ಬೆವರು ಹರಿಸಬೇಕು. 1980ರಲ್ಲಿ ವೆಸ್ಟ್ ಹ್ಯಾಮ್ ಗೆದ್ದ ಮೇಲೆ ಅಗ್ರಶ್ರೇಣಿಯ ಹೊರಗಿನ ಯಾವ ತಂಡವೂ ಕಪ್ ಎತ್ತಿಲ್ಲ. ಇವೆರಡೂ ಸತ್ಯ. ಆದರೆ ಕೆಳಗಿನವರಿಗೆ ಕಪ್ಪಿನಿಂದ ಸಿಗುವುದನ್ನು ಟ್ರೋಫಿಯಿಂದ ಮಾತ್ರ ಅಳೆಯಲಾಗದು. 2005ರ ಜನವರಿಯಲ್ಲಿ ಐದನೇ ಶ್ರೇಣಿಯ ಎಕ್ಸೆಟರ್ ಸಿಟಿ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 0–0ಗೆ ತಡೆಯಿತು. ಮರುಪಂದ್ಯವನ್ನು ತನ್ನೂರಲ್ಲಿ 0–2ರಿಂದ ಸೋತರೂ, ಅಭಿಮಾನಿಗಳೇ ನಡೆಸುತ್ತಿದ್ದ ಆ ಕ್ಲಬ್‌ಗೆ ಎರಡೂ ಪಂದ್ಯಗಳ ಗೇಟಿನ ಹಣದ ಪಾಲು ಸಾಲದಿಂದ ಮೇಲೇಳಲು ಆಸರೆಯಾಯಿತು.

ಇದೇ ಕಾರಣಕ್ಕೆ, ಮುಖ್ಯ ಹಂತದ ಮೊದಲ ಸುತ್ತಿನಿಂದಲೇ ಮರುಪಂದ್ಯಗಳನ್ನು ರದ್ದುಮಾಡಿದ 2024–25ರ ತೀರ್ಮಾನವನ್ನು ಬರೀ ವೇಳಾಪಟ್ಟಿಯ ತಿದ್ದುಪಡಿ ಎನ್ನಲಾಗದು. ಯುರೋಪಿನ ಪಂದ್ಯಗಳು ಹೆಚ್ಚಿವೆ, ಆಟಗಾರರು ದಣಿಯುತ್ತಾರೆ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಆ ಪಂದ್ಯಗಳನ್ನು ಹೆಚ್ಚಿಸಿಕೊಂಡವರು ಬೆರಳೆಣಿಕೆಯ ದೊಡ್ಡ ಕ್ಲಬ್‌ಗಳು; ಅದಕ್ಕಾಗಿ ಆದಾಯ ಬಿಟ್ಟುಕೊಡಬೇಕಾದವರು ಕೆಳಗಿನವರು. ಯುರೋಪಿನಲ್ಲಿ ಆಡುವ ತಂಡಗಳೇ ಇಲ್ಲದ ಮೊದಲೆರಡು ಸುತ್ತುಗಳಲ್ಲೂ ಮರುಪಂದ್ಯ ನಿಂತದ್ದಕ್ಕೆ ದಣಿವಿನ ವಾದ ಉತ್ತರವಾಗುವುದಿಲ್ಲ. ಕೊನೆಯಪಕ್ಷ ಆ ಸುತ್ತುಗಳಲ್ಲಾದರೂ ಅದನ್ನು ಉಳಿಸಿಕೊಳ್ಳಬಹುದಿತ್ತು. ಈಗ ಪಂದ್ಯ ಸಮನಾದರೆ ಇನ್ನರ್ಧ ಗಂಟೆಯ ಆಟ, ಅಲ್ಲೂ ಇತ್ಯರ್ಥವಾಗದಿದ್ದರೆ ಪೆನಾಲ್ಟಿ.