ಮಕ್ಕಳಾಗುವುದು ತಡವಾದರೆ ಪರೀಕ್ಷೆ ಯಾರಿಗೆ, ಯಾವಾಗ, ಎಲ್ಲಿ?

"ಈ ಪುಡಿ ತಿಂದರೆ ತಿಂಗಳಲ್ಲೇ ಗರ್ಭ ನಿಲ್ಲುತ್ತದೆ", "ದೋಷ ಹೆಣ್ಣಿನದೇ", "ಐವಿಎಫ್ ಮಾಡಿಸಿದರೆ ಮಗು ಗ್ಯಾರಂಟಿ". ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಈ ಮೂರೂ ಮಾತು ಸುಳ್ಳು. ಇವನ್ನು ನಂಬಿ ವರ್ಷಗಳನ್ನು ಕಳೆದುಕೊಂಡರೆ ವಯಸ್ಸು ಮತ್ತೆ ಬರುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ದಂಪತಿಗಳು ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಎಷ್ಟು ದಿನ ಕಾಯಬಹುದು?

ಮದುವೆಯಾಗಿ ಮೂರು ತಿಂಗಳಿಗೇ "ಏನಾದರೂ ವಿಶೇಷ ಉಂಟೇನವಾ?" ಎಂದು ಕೇಳುವವರಿದ್ದಾರೆ. ಗಾಬರಿ ಬೇಡ. ಗರ್ಭನಿರೋಧಕ ಬಳಸದೆ, ಎರಡು-ಮೂರು ದಿನಕ್ಕೊಮ್ಮೆ ಕೂಡುವ 100 ದಂಪತಿಗಳಲ್ಲಿ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ.

- ಹೆಂಡತಿಗೆ 35 ವರ್ಷದೊಳಗಿದ್ದರೆ: 1 ವರ್ಷದ ನಂತರ ವೈದ್ಯರನ್ನು ಕಾಣಿ.
- 35 ದಾಟಿದ್ದರೆ: 6 ತಿಂಗಳ ನಂತರ. 40 ದಾಟಿದ್ದರೆ: ತಡಮಾಡದೆ.
- ಮುಟ್ಟು ಏರುಪೇರಾಗುತ್ತಿದ್ದರೆ, ತೀವ್ರ ಹೊಟ್ಟೆನೋವಿದ್ದರೆ, ಹಿಂದೆ ಕ್ಷಯ ಬಂದಿದ್ದರೆ, ಪದೇ ಪದೇ ಗರ್ಭಪಾತವಾಗಿದ್ದರೆ ಅಥವಾ ಗಂಡನಿಗೆ ವೃಷಣದ ತೊಂದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ ಕಾಯಬೇಡಿ.

"14ನೇ ದಿನವೇ ಸೇರಬೇಕು" ಎಂಬುದೂ ಪೂರ್ತಿ ನಿಜವಲ್ಲ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 21ನೇ ದಿನದ ಆಸುಪಾಸು. ಆ ದಿನ ಮತ್ತು ಅದರ ಹಿಂದಿನ ಐದು ದಿನ ಗರ್ಭ ನಿಲ್ಲಲು ಸೂಕ್ತ.

ಮೊದಲ ಪರೀಕ್ಷೆ ಯಾರಿಗೆ?

ಇಬ್ಬರಿಗೂ, ಒಟ್ಟಿಗೇ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ಸೊಸೆಯನ್ನು ಊರೂರಿನ ಆಸ್ಪತ್ರೆಗೆ ಅಲೆದಾಡಿಸಿ, ಮಗನಿಗೆ ಎರಡನೇ ಮದುವೆಯ ಮಾತು ತೆಗೆಯುವ ಮನೆಗಳಿವೆ. ಮಗನ ವೀರ್ಯ ಪರೀಕ್ಷೆಯೇ ಆಗಿರುವುದಿಲ್ಲ! ಎಲ್ಲಕ್ಕಿಂತ ಸುಲಭವಾದ, ನೋವಿಲ್ಲದ, ಕಡಿಮೆ ಖರ್ಚಿನ ಪರೀಕ್ಷೆ ಅದು. ಗಂಡಸುತನಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಮಾದರಿ ಒಂದು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು. ಇಳಕಲ್‌ನ ಮನೆಯಲ್ಲಿ ತೆಗೆದು ಬಸ್ಸಿನಲ್ಲಿ ಬಾಗಲಕೋಟೆಗೆ ಒಯ್ದರೆ ಫಲಿತಾಂಶ ತಪ್ಪಾಗಬಹುದು, ಲ್ಯಾಬ್‌ನಲ್ಲೇ ಕೊಡಿ. ಒಂದು ವರದಿ ಕೆಟ್ಟಿದ್ದರೆ ಎದೆಗುಂದಬೇಡಿ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಆದ್ದರಿಂದ ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಅಷ್ಟರಲ್ಲಿ ಗುಟ್ಕಾ, ಬೀಡಿ, ಮದ್ಯ ಬಿಡಿ. ಮೈ ಬೆಳೆಸಲು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಅದು ವೀರ್ಯಾಣುಗಳನ್ನು ಕಡಿಮೆ ಮಾಡುತ್ತದೆ.

ಹೆಂಡತಿಗೆ ಸ್ಕ್ಯಾನಿಂಗ್, ಥೈರಾಯ್ಡ್ ಮುಂತಾದ ರಕ್ತಪರೀಕ್ಷೆ, ಬೇಕಾದರೆ ಅಂಡನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್-ರೇ ಮಾಡುತ್ತಾರೆ.

ಎಲ್ಲರಿಗೂ ಐವಿಎಫ್ ಬೇಕೇ?

ಇಲ್ಲ. ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ.

1. ಮಾತ್ರೆ: ಪಿಸಿಓಡಿ ಇದ್ದು ಅಂಡಾಣು ಸರಿಯಾಗಿ ಬಿಡುಗಡೆಯಾಗದವರಿಗೆ ಲೆಟ್ರೊಜೋಲ್‌ನಂಥ ಮಾತ್ರೆ. ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ.
2. ಐಯುಐ: ಶುದ್ಧಗೊಳಿಸಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುವುದು. ಎರಡೂ ಅಂಡನಾಳ ಮುಚ್ಚಿದ್ದರೆ ಇದರಿಂದ ಪ್ರಯೋಜನವಿಲ್ಲ.
3. ಐವಿಎಫ್: ಅಂಡಾಣು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿಡುವುದು. ವೀರ್ಯಾಣು ತೀರಾ ಕಡಿಮೆಯಿದ್ದರೆ ಒಂದೊಂದು ಅಂಡಾಣುವಿಗೆ ಒಂದೇ ವೀರ್ಯಾಣುವನ್ನು ಚುಚ್ಚುವ ಇಕ್ಸಿ ವಿಧಾನ ಬಳಸುತ್ತಾರೆ. ಹೆಂಡತಿಯ ವಯಸ್ಸು ಏರಿದಂತೆ ಯಶಸ್ಸು ಇಳಿಯುತ್ತದೆ. "ನೂರಕ್ಕೆ ನೂರು" ಎನ್ನುವವರಿಂದ ದೂರವಿರಿ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಿ. ಹೆಚ್ಚಿನ ತಪಾಸಣೆಗೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇವೆ. ಎಲ್ಲ ವರದಿಗಳನ್ನೂ ಒಂದೇ ಫೈಲ್‌ನಲ್ಲಿಡಿ. ಮುಂದೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಾದರೆ ಅವೇ ಪರೀಕ್ಷೆಗೆ ಮತ್ತೆ ದುಡ್ಡು ಸುರಿಯುವುದು ತಪ್ಪೀತು.

ಹಣ ಕಟ್ಟುವ ಮುನ್ನ

2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯಂತೆ ಕೇಂದ್ರ ನೋಂದಣಿಯಾಗಿರಲೇಬೇಕು. ಐಯುಐ ಮಾಡುವ ಕೇಂದ್ರ ಲೆವೆಲ್ 1, ಐವಿಎಫ್ ಮಾಡುವುದು ಲೆವೆಲ್ 2. ಪ್ರಮಾಣಪತ್ರ ತೋರಿಸಲು ಕೇಳಿ. ಔಷಧ, ಭ್ರೂಣ ಶೈತ್ಯೀಕರಣ ಸೇರಿ ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ. ಲಿಖಿತ ಒಪ್ಪಿಗೆಯನ್ನು ಓದಿ, ತಿಳಿಯದಿದ್ದರೆ ಕನ್ನಡದಲ್ಲಿ ಹೇಳಿಸಿಕೊಂಡು ಸಹಿ ಮಾಡಿ. "ಗಂಡು ಮಗುವೇ ಆಗುತ್ತದೆ" ಎಂದು ಆಸೆ ತೋರಿಸಿದರೆ ಎದ್ದು ಬನ್ನಿ. ಲಿಂಗ ಆಯ್ಕೆ ಅಪರಾಧ.

ಹರಕೆ, ನಾಟಿ ಮದ್ದು?

ಸಂತಾನದ ಹಂಬಲ ಈ ನೆಲಕ್ಕೆ ಹೊಸದಲ್ಲ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ನಾಗನಾಥಕೊಳ್ಳದ ಲಜ್ಜಾಗೌರಿಯೇ ಸಾಕ್ಷಿ. ಬನಶಂಕರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ. ಅದರ ಜೊತೆಗೆ ಪರೀಕ್ಷೆಯೂ ನಡೆಯಲಿ. ಆದರೆ ಲೇಬಲ್ ಇಲ್ಲದ ಪುಡಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ತಿನ್ನಬೇಡಿ. ಗರ್ಭಕ್ಕೆ ಪ್ರಯತ್ನಿಸುವ ಪ್ರತಿ ಮಹಿಳೆಗೂ ನಿಜವಾಗಿ ಬೇಕಾದ ಮಾತ್ರೆ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ.

ನಮ್ಮ ತೀರ್ಮಾನ: ಪುಡಿಯ ಫಾರ್ವರ್ಡ್‌ಗಳು ಸುಳ್ಳು. ಹೆಂಡತಿಯೊಬ್ಬಳ ಮೇಲೆ ದೋಷ ಹೊರಿಸುವ ಮೊದಲು ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಲಿ. ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ಚಿಕಿತ್ಸೆಗೆ ನಿಮ್ಮ ವೈದ್ಯರ ಮಾತೇ ಅಂತಿಮ.