ವೈಟ್‌ಫೀಲ್ಡ್: ನಡು ಕಳೆದುಕೊಂಡ ಊರು

ವೈಟ್‌ಫೀಲ್ಡ್ ಹುಟ್ಟಿದ್ದು ಒಂದು ವೃತ್ತದ ಸುತ್ತ. ನಡುವೆ ಬಯಲು, ಬಯಲನ್ನು ಬಳಸಿದ ದುಂಡು ರಸ್ತೆ, ರಸ್ತೆಗೆ ಮುಖ ಮಾಡಿದ ಮನೆಗಳು, ಅವುಗಳಾಚೆ ಹೊಲ. ಆ ದುಂಡು ರಸ್ತೆಗೆ ಇವತ್ತಿಗೂ ಇನ್ನರ್ ಸರ್ಕಲ್ ಎಂದೇ ಹೆಸರು. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವಲ್ಲಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದರೆಂಬ ಕಥೆ ಎಲ್ಲರಿಗೂ ಗೊತ್ತು. ಅಲ್ಲಿಂದ ಇಪ್ಪತ್ತು ಕಿಲೋಮೀಟರು ಮೂಡಣಕ್ಕೆ, ಮೂರು ಶತಮಾನಗಳ ನಂತರ, ಇನ್ನೊಂದು ಊರೂ ತನ್ನ ನಡುವನ್ನು ಮೊದಲು ಗುರುತಿಸಿಕೊಂಡು ಆಮೇಲೆ ಮನೆ ಕಟ್ಟಿತು.

ಆ ಊರಿನ ಹಿಂದೆ ಇದ್ದವರು ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್. 1879ರಲ್ಲಿ ಮದರಾಸಿನಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರ ಸಂಘ ಕಟ್ಟಿದವರು. ಸರ್ಕಾರಿ ಗುಮಾಸ್ತಿಕೆ ಮತ್ತು ರೈಲ್ವೆ ಕೆಲಸವನ್ನೇ ನೆಚ್ಚಿಕೊಂಡಿದ್ದ ತಮ್ಮ ಜನ ಸ್ವಂತ ಭೂಮಿಯಲ್ಲಿ ದುಡಿದು ಬದುಕಬೇಕೆಂಬುದು ಅವರ ಹಂಬಲ. 1881ರಲ್ಲಷ್ಟೇ ಮೈಸೂರಿನ ಆಡಳಿತ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿತ್ತು. ಮರುವರ್ಷವೇ ಚಾಮರಾಜೇಂದ್ರ ಒಡೆಯರು ಈ ಸಂಘಕ್ಕೆ ಸುಮಾರು 3,900 ಎಕರೆ ನೆಲ ಕೊಟ್ಟರು. ಬೆಂಗಳೂರು ದಂಡುಪ್ರದೇಶಕ್ಕೆ 1864ರಲ್ಲೇ ರೈಲು ಬಂದಿದ್ದರಿಂದ ಹೊಸ ಊರಿಗೆ ಪೇಟೆಯ ನಂಟು ಸಲೀಸಾಯಿತು. 1886ರಲ್ಲಿ ಮೆಮೋರಿಯಲ್ ಚರ್ಚ್ ಎದ್ದಿತು. ವೇವರ್ಲಿ ಇನ್ ಎಂಬ ತಂಗುದಾಣ ಹೆಸರು ಮಾಡಿತು. ಬೆಂಗಳೂರಿನಲ್ಲಿ ದಂಡಿನ ಅಧಿಕಾರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅಲ್ಲಿಗೆ ಬರುತ್ತಿದ್ದರಂತೆ ಎಂಬ ಮಾತು ಊರಿನಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಚರ್ಚಿಲ್ ಕಥೆ ಸಿಕ್ಕಷ್ಟು ಸುಲಭವಾಗಿ ಈ ನೆಲದಲ್ಲಿ ಬೆವರು ಸುರಿಸಿದವರ ಕಥೆ ಸಿಗುವುದಿಲ್ಲ ಎಂಬುದು ಬೇಸರದ ಸಂಗತಿ.

ಏಕೆಂದರೆ ವೃತ್ತ ಬರುವ ಮೊದಲೂ ಇಲ್ಲಿ ಊರುಗಳಿದ್ದವು. ಇಂದಿನ ಐಟಿಪಿಎಲ್ ಟೆಕ್ ಪಾರ್ಕ್ ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಕ್ರಿ.ಶ. 1043ರದು, ಚೋಳರ ಕಾಲದ್ದು. ಕಾಡುಗೋಡಿ, ವರ್ತೂರು, ಹಗದೂರು, ರಾಮಗೊಂಡನಹಳ್ಳಿಗಳಿಗೆ ಅವುಗಳದೇ ನಡು ಇತ್ತು: ಅರಳಿಕಟ್ಟೆ, ಗುಡಿಯ ಮುಂದಿನ ಅಂಗಳ, ಕೆರೆ ಏರಿ. ರಾಗಿ ಕಣ ಮುಗಿದ ಮೇಲೆ ಈ ಸೀಮೆಯ ಹಳ್ಳಿಗಳಲ್ಲಿ ನಾಟಕದ ಕಾಲ ಶುರುವಾಗುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ಅವರ ಊಟ, ವಸತಿಯ ಹೊಣೆ ಹೊತ್ತು, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಂದಪದ್ಯ ಕಲಿಯುತ್ತಿದ್ದರು. ಭೀಮನ ಪಾತ್ರ ಯಾರಿಗೆ, ಕೃಷ್ಣನ ಪಾತ್ರ ಯಾರಿಗೆ ಎಂಬುದರ ಮೇಲೆ ಜಗಳ, ಪಾತ್ರಕ್ಕೆ ತಕ್ಕಂತೆ ದುಡ್ಡು ಹಾಕುವ ಲೆಕ್ಕ, ಬಾಡಿಗೆಗೆ ತಂದ ಡ್ರಾಮಾ ಸೀನರಿ, ಬೆಳಗಿನ ಜಾವದವರೆಗೂ ಎಳೆಯುವ ‘ಕುರುಕ್ಷೇತ್ರ’. ಇವತ್ತೂ ಹೊಸಕೋಟೆ, ಆನೇಕಲ್, ನೆಲಮಂಗಲದ ಕಡೆ ಇದು ನಿಂತಿಲ್ಲ. ಕಲೆಯ ಮೂಲಕ ಊರು ಒಂದಾಗುವುದು ನಗರದವರು ತಂದ ಹೊಸ ವಿದ್ಯೆಯಲ್ಲ. ಈ ನೆಲಕ್ಕೆ ಅದು ಮೊದಲಿನಿಂದ ಗೊತ್ತಿತ್ತು.

ವೃತ್ತದ ಊರು ಮೊದಲ ಬಾರಿ ಬರಿದಾದದ್ದು ಸ್ವಾತಂತ್ರ್ಯದ ನಂತರ. ಆಂಗ್ಲೋ ಇಂಡಿಯನ್ ಕುಟುಂಬಗಳು ಒಂದೊಂದಾಗಿ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೊರಟವು. ಇಂಥದೇ ಕನಸಿನಿಂದ 1933ರಲ್ಲಿ ಹುಟ್ಟಿದ, ಈಗ ಜಾರ್ಖಂಡದಲ್ಲಿರುವ ಮೆಕ್ಲಸ್ಕಿಗಂಜ್‌ಗೂ ಅದೇ ಗತಿಯಾಯಿತು. ಆದರೆ ಅದು ಕಾಡಿನ ನಡುವಿನ ಊರು. ಹಾಗಾಗಿ ಖಾಲಿಯಾದ ಮನೆಗಳು ಖಾಲಿಯಾಗಿಯೇ ಉಳಿದು ಹಳತಾದವು. ವೈಟ್‌ಫೀಲ್ಡ್‌ಗೆ ಆ ಅವಕಾಶವೂ ಸಿಗಲಿಲ್ಲ.

ಎರಡನೇ ಬಾರಿ ಊರನ್ನು ಬರಿದು ಮಾಡಿದ್ದು ಬಡತನವಲ್ಲ, ದುಡ್ಡು. 1994ರಲ್ಲಿ ಸಿಂಗಪುರದ ಕಂಪನಿಗಳು, ಟಾಟಾ ಮತ್ತು ಕರ್ನಾಟಕ ಸರ್ಕಾರ ಸೇರಿ ಐಟಿಪಿಎಲ್ ಯೋಜನೆಗೆ ಕೈಹಾಕಿದವು. ಕಂಪನಿಗಳ ಹಿಂದೆ ಅಪಾರ್ಟ್‌ಮೆಂಟ್, ಅಪಾರ್ಟ್‌ಮೆಂಟಿನ ಹಿಂದೆ ಮಾಲ್. ದ್ರಾಕ್ಷಿ ತೋಟ, ಮಾವಿನ ತೋಪು ಸೈಟಾದವು. ನೆಲದ ಬೆಲೆ ಏರಿದಂತೆ ಇನ್ನರ್ ಸರ್ಕಲ್ಲಿನ ಹೆಂಚಿನ ಮನೆಗಳೂ ಒಂದೊಂದಾಗಿ ಉರುಳಿದವು. 2007ರಲ್ಲಿ ಮಹದೇವಪುರ ನಗರಸಭೆ ಬಿಬಿಎಂಪಿಯಲ್ಲಿ ಕರಗಿದ ಮೇಲೆ ಊರಿನ ಆಡಳಿತವೂ ದೂರವಾಯಿತು. ಹೊರದೇಶದ ಹಳೇ ಪಟ್ಟಣಗಳಲ್ಲಿ ಅಂಗಡಿಗಳಿಗೆ ಬೀಗ ಬಿದ್ದಾಗ ಪೇಟೆಬೀದಿ ಸತ್ತಿತು ಎನ್ನುತ್ತಾರೆ. ಇಲ್ಲಿ ಅಂಗಡಿ ತುಂಬಿತ್ತು, ರಸ್ತೆ ತುಂಬಿತ್ತು. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಎದುರಾಗುವ ಜಾಗ ಮಾತ್ರ ಇರಲಿಲ್ಲ. ಗೇಟಿನೊಳಗೆ ಈಜುಕೊಳ, ಗೇಟಿನ ಹೊರಗೆ ಕಸದ ಗುಡ್ಡೆ.

2013ರಲ್ಲಿ ‘ವೈಟ್‌ಫೀಲ್ಡ್ ರೈಸಿಂಗ್’ ಎಂಬ ನಾಗರಿಕರ ಕೂಟ ಕೆಲಸ ಶುರುಮಾಡಿದ್ದು ಈ ಕಸದ ಗುಡ್ಡೆಯ ಮುಂದೆಯೇ. ದಾರಿ ತೋರಿಸಲು ಬೆಂಗಳೂರಿನಲ್ಲಿ ಆಗಲೇ ‘ದಿ ಅಗ್ಲಿ ಇಂಡಿಯನ್’ ಗುಂಪು ಇತ್ತು. ಹೆಸರು ಹೇಳಿಕೊಳ್ಳದೆ, ಭಾಷಣ ಮಾಡದೆ, ‘ಸ್ಪಾಟ್ ಫಿಕ್ಸ್’ ಎಂಬ ಬೆಳಗಿನ ಕೆಲಸವನ್ನು ರೂಢಿಗೆ ತಂದವರು ಅವರು. ಅದರ ಬಗೆ ಗಮನಿಸುವಂಥದ್ದು. ರಜಾ ದಿನ ನಸುಕಿನಲ್ಲಿ ಹತ್ತಿಪ್ಪತ್ತು ಜನ ಗುದ್ದಲಿ, ಸಲಿಕೆ, ಬಾಂಡ್ಲಿ ಹಿಡಿದು ಸೇರುತ್ತಾರೆ. ಕಸ ಎತ್ತಿ, ನೆಲ ಕೆರೆದು, ಮುರಿದ ಚಪ್ಪಡಿ ಸರಿಮಾಡುತ್ತಾರೆ. ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ, ಎಲೆಅಡಿಕೆ ಉಗುಳಿದರೂ ಕಲೆ ಎದ್ದು ಕಾಣದಿರಲಿ ಎಂದು. ಮೇಲೆ ತಿಳಿಬಣ್ಣ, ಅದರ ಮೇಲೆ ಬಿಳಿ ಗೆರೆಯ ಚಿತ್ತಾರ. ಮುಂದೆ ನಾಲ್ಕು ಗಿಡದ ಕುಂಡ, ಕೂರಲು ಕಲ್ಲಿನ ಬೆಂಚು. ಹತ್ತು ಗಂಟೆಯ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಕಸ ಹಾಕಲು ಬಂದವರು ರಂಗೋಲಿಯಂಥ ಗೆರೆಗಳನ್ನು ನೋಡಿ ಅರೆಗಳಿಗೆ ಹಿಂಜರಿಯುತ್ತಾರೆ. ಇಡೀ ಕೆಲಸ ನಿಂತಿರುವುದು ಆ ಹಿಂಜರಿಕೆಯ ಮೇಲೆ.

ಕಸದಿಂದ ಮಾತು ಕೆರೆಗೆ ಹೋಯಿತು, ಕೆರೆಯಿಂದ ರೈಲಿಗೆ, ಕಾಲುದಾರಿಗೆ. ಶೀಲವಂತನ ಕೆರೆ, ಪಟ್ಟಂದೂರು ಅಗ್ರಹಾರದ ಕೆರೆಗಳ ದಂಡೆಯಲ್ಲಿ ಜನ ಸೇರತೊಡಗಿದರು. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ 2015ರಲ್ಲಿ ದೇಶಕ್ಕೆಲ್ಲ ಸುದ್ದಿಯಾದಾಗ ಈ ನಂಟುಗಳು ಕೆಲಸಕ್ಕೆ ಬಂದವು. ಸಾವಿರ ವರ್ಷದ ಹಿಂದೆ ಕಟ್ಟಿದ ಕೆರೆಯ ಊರಿನಲ್ಲಿ ನಿನ್ನೆ ಮೊನ್ನೆ ಬಂದವರೂ ಕೆರೆಗಳಿಗಾಗಿ ದನಿ ಎತ್ತಿದರು ಎಂಬುದೇ ದೊಡ್ಡ ವಿಷಯ.

ರಂಗಭೂಮಿಯ ಕೆಲಸ ಇದಕ್ಕಿಂತ ಆಳದ್ದು. ರಾಮಗೊಂಡನಹಳ್ಳಿಯಲ್ಲಿ ಜಗದೀಶ್ ರಾಜಾ ಮತ್ತು ಅರುಂಧತಿ ರಾಜಾ ದಂಪತಿ ಕಟ್ಟಿದ ‘ಜಾಗೃತಿ’ ರಂಗಮಂದಿರ 2011ರಲ್ಲಿ ತೆರೆಯಿತು. ಸುಮಾರು 200 ಆಸನ. ವೇದಿಕೆ ಪ್ರೇಕ್ಷಕರ ನಡುವಿಗೇ ಚಾಚಿಕೊಂಡಿದೆ, ನಟರು ಬೆವರೊರೆಸಿಕೊಳ್ಳುವುದೂ ಕಾಣಿಸುವಷ್ಟು ಹತ್ತಿರ. ನಾಟಕ ನೋಡಲು ರವೀಂದ್ರ ಕಲಾಕ್ಷೇತ್ರದವರೆಗೆ ಟ್ರಾಫಿಕ್ಕಿನಲ್ಲಿ ಹೋಗಿಬರುವುದೇ ಒಂದು ದಿನದ ಕೆಲಸವಾದ ಜನಕ್ಕೆ ಇದು ದೊಡ್ಡ ಆಸರೆ. ಆದರೆ ಜಾಗೃತಿಯಲ್ಲಿ ಹೆಚ್ಚಾಗಿ ಕೇಳುವುದು ಇಂಗ್ಲಿಷ್. ಆ ಕೊರತೆಯನ್ನು ತುಂಬುತ್ತಿರುವುದು ವೈಟ್‌ಫೀಲ್ಡ್, ಹೊಸಕೋಟೆ ಕಡೆಯ ‘ಜನಪದರು ಸಾಂಸ್ಕೃತಿಕ ವೇದಿಕೆ’. ಕನ್ನಡ ನಾಟಕ ತಂಡಗಳನ್ನು ಕರೆಸಿ ನಿಯಮಿತವಾಗಿ ಆಡಿಸುತ್ತ ಬಂದ ಈ ಬಳಗ ನಿಂಬೆಕಾಯಿಪುರದಲ್ಲಿ ತನ್ನದೇ ರಂಗಮಂದಿರ ಎಬ್ಬಿಸಿದೆ. 1949ರಲ್ಲಿ ಹೆಗ್ಗೋಡಿನಂಥ ಪುಟ್ಟ ಹಳ್ಳಿಯಲ್ಲಿ ನೀನಾಸಂ ಹುಟ್ಟಿ, ಕೆ.ವಿ. ಸುಬ್ಬಣ್ಣನವರ ದುಡಿಮೆಯಿಂದ ಇಡೀ ಕರ್ನಾಟಕವೇ ಅತ್ತ ತಿರುಗಿ ನೋಡುವಂತಾದ ಚರಿತ್ರೆ ನಮ್ಮ ಕಣ್ಣ ಮುಂದಿದೆ. ಅಡಿಕೆ ತೋಟದ ನಡುವೆ ಸಾಧ್ಯವಾದದ್ದು ಗಾಜಿನ ಕಟ್ಟಡಗಳ ನಡುವೆಯೂ ಸಾಧ್ಯ ಎಂದು ಈ ಬಳಗ ನಂಬಿದೆ. ಆ ನಂಬಿಕೆಗೆ ಬೆಲೆ ಕೊಡಬೇಕು.

ನಗರದ ಇನ್ನೊಂದು ಅಂಚಿನ ಪೀಣ್ಯದಲ್ಲಿ ಕೆಲಸ ನಡೆದದ್ದು ಬೇರೆ ರೀತಿಯಲ್ಲಿ. ಲೇತು, ಮಿಲ್ಲಿಂಗು, ಫೌಂಡ್ರಿ, ಗಾರ್ಮೆಂಟ್‌ಗಳ ಈ ಸೀಮೆಗೆ 2014ರ ಮಾರ್ಚಿನಲ್ಲಿ ಮೆಟ್ರೊ ಬಂತು. ಅದೇ ವರ್ಷ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ‘ಆರ್ಟ್ ಇನ್ ಟ್ರಾನ್ಸಿಟ್’ ಎಂಬ ಯೋಜನೆಯಡಿ ಪೀಣ್ಯ ನಿಲ್ದಾಣದ ಗೋಡೆಗಳನ್ನು ಕೈಗೆತ್ತಿಕೊಂಡರು. ಆಮೇಲೆ ಆ ಕೆಲಸ ಕಬ್ಬನ್ ಪಾರ್ಕ್ ನಿಲ್ದಾಣಕ್ಕೂ ಹಬ್ಬಿತು. ಶಿಫ್ಟ್ ಮುಗಿಸಿ ಬರುವ ಕಾರ್ಮಿಕರಿಗೆ ಆರ್ಟ್ ಗ್ಯಾಲರಿಯ ಮೆಟ್ಟಿಲು ಹತ್ತುವ ಬಿಡುವಿಲ್ಲ. ಚಿತ್ರವೇ ಅವರ ದಾರಿಗೆ ಬಂದು ನಿಂತದ್ದು ನ್ಯಾಯವಾಗಿಯೇ ಇದೆ. ಕಲೆ ಬೀದಿಗೇ ಇಳಿದದ್ದೂ ಉಂಟು: 2019ರ ಸೆಪ್ಟೆಂಬರಿನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟರೊಬ್ಬರನ್ನು ರಾತ್ರಿ ಹೊತ್ತು ನಡೆಸಿ ಚಂದ್ರನ ಮೇಲ್ಮೈಯೆಂಬಂತೆ ಚಿತ್ರೀಕರಿಸಿದರು. ಪಕ್ಕದಲ್ಲಿ ಆಟೊ ಹಾದುಹೋದಾಗ ಅದು ಭೂಮಿ ಎಂದು ತಿಳಿಯುತ್ತದೆ. ವಿಡಿಯೊ ಹರಡಿತು, ಬೆನ್ನಿಗೇ ರಸ್ತೆ ರಿಪೇರಿಯಾಯಿತು.

ಹಾಗೆಂದು ಬಣ್ಣ ಬಳಿದ ಮಾತ್ರಕ್ಕೆ ಊರು ಉಳಿಯುವುದಿಲ್ಲ. ಎರಡು ಮಳೆಗಾಲ ಕಳೆದರೆ ಚಿತ್ತಾರ ಮಾಸುತ್ತದೆ. ಮಾಲಿನ ಕಲಾಮೇಳಕ್ಕೆ ಹೌಸ್‌ಕೀಪಿಂಗ್ ಮಾಡುವ ಹೆಂಗಸರು ಪ್ರೇಕ್ಷಕರಾಗಿ ಬರುವುದಿಲ್ಲ. ಹಗದೂರಿನ ಹಳೇ ಒಕ್ಕಲು ಮನೆಯವರಿಗೂ ಹತ್ತನೇ ಮಹಡಿಯ ಟೆಕ್ಕಿಗೂ ಒಂದೇ ಸಾಲಿನಲ್ಲಿ ಕೂರಲು ಜಾಗ ಸಿಕ್ಕರೆ ಮಾತ್ರ ಅದು ನಡುಊರು. ಊರ ಜಾತ್ರೆಯ ಹೂವಿನ ಪಲ್ಲಕ್ಕಿ ಹಾದುಹೋಗುವಾಗ ಅಪಾರ್ಟ್‌ಮೆಂಟಿನವರು ಟ್ರಾಫಿಕ್ ಜಾಮ್ ಎಂದು ಗೊಣಗದೆ ಕೆಳಗಿಳಿದು ಬರಬೇಕು. ‘ಕುರುಕ್ಷೇತ್ರ’ ಆಡುವ ತಂಡಕ್ಕೆ ಸುಸಜ್ಜಿತ ರಂಗಮಂದಿರದ ಬಾಗಿಲೂ ತೆರೆಯಬೇಕು. ಈವರೆಗಿನ ಯತ್ನಗಳಲ್ಲಿ ಅರ್ಧ ಮಾತ್ರ ಆಗಿದೆ.

2023ರ ಮಾರ್ಚಿನಿಂದ ಮೆಟ್ರೊ ರೈಲು ವೈಟ್‌ಫೀಲ್ಡ್‌ಗೆ ಓಡುತ್ತಿದೆ. ಅದೇ ವರ್ಷದ ಅಕ್ಟೋಬರಿನಿಂದ ನಗರದ ನಡುವಿನವರೆಗೂ ದಾರಿ ಕೂಡಿದೆ. ಕೊನೆಯ ನಿಲ್ದಾಣದ ಫಲಕದ ಮೇಲೆ ವೈಟ್‌ಫೀಲ್ಡ್, ಕಾಡುಗೋಡಿ ಎರಡೂ ಹೆಸರಿವೆ. ಇನ್ನರ್ ಸರ್ಕಲ್ಲಿನಲ್ಲಿ ಉಳಿದಿರುವ ಹಳೆಯ ಮನೆಗಳು ಬೆರಳೆಣಿಕೆಯವು. ಅವುಗಳನ್ನೂ ನಡುವಿನ ಬಯಲನ್ನೂ ಒಟ್ಟಾಗಿ ಕಾಪಾಡುವುದು, ಅಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತಲ ಹಳ್ಳಿಗಳ ನಾಟಕ ತಂಡಗಳಿಗೆ ವೇದಿಕೆ ಹಾಕಿಕೊಡುವುದು ಬಿಬಿಎಂಪಿಯ ಬದಲಿಗೆ ಬಂದಿರುವ ಬೆಂಗಳೂರು ಪೂರ್ವ ನಗರ ಪಾಲಿಕೆಯ ಕೈಯಲ್ಲಿದೆ. ಪಾಲಿಕೆಯನ್ನು ಕೇಳುವುದು ಅಲ್ಲಿ ಬದುಕುತ್ತಿರುವವರೆಲ್ಲರ ಕೆಲಸ, ಮತ್ತು ಇನ್ನೂ ನಾಲ್ಕು ಮನೆ ಉರುಳುವ ಮುಂಚೆ ಕೇಳಬೇಕು.