ಎರಡು ಬಾಗಿಲು, ಒಬ್ಬ ರೋಗಿ

ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹೆಸರನ್ನು ನೀವೆಲ್ಲರೂ ಕೇಳಿರುತ್ತೀರಿ. ಭೀಮಾ ತೀರದ ಈ ದತ್ತಕ್ಷೇತ್ರಕ್ಕೆ, 'ಗಾಳಿ ಸೋಕಿದೆ' ಎಂದು ಮನೆಯವರು ನಂಬಿದವರನ್ನು ತಲೆಮಾರುಗಳಿಂದ ಕರೆತರಲಾಗುತ್ತಿದೆ. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಜಾತಿಮತದ ಭೇದವಿಲ್ಲದೆ ಹರಕೆ ಹೊತ್ತು ಬರುವವರುಂಟು. ನಮ್ಮ ಪ್ರಾರ್ಥನಾ ಕೂಟಗಳಿಗೂ ಇಂಥವರನ್ನು ಕೈಹಿಡಿದು ಕರೆತರುವ ತಾಯಂದಿರನ್ನು ನೀವು ಕಂಡಿರಬಹುದು. ಇದನ್ನು ಬರಿಯ ಮೂಢನಂಬಿಕೆಯೆಂದು ನಗುವವರು ಒಂದು ಪ್ರಶ್ನೆಗೆ ಉತ್ತರಿಸಲಿ: ಆ ತಾಯಿ ಬೇರೆಲ್ಲಿಗೆ ಹೋಗಬೇಕಿತ್ತು?

ಧಾರವಾಡದಲ್ಲಿ 1845ರಲ್ಲೇ ಮಾನಸಿಕ ಆಸ್ಪತ್ರೆ ಆರಂಭವಾಗಿತ್ತು. ಆದರೆ ಅದು ಮುಂಬಯಿ ಪ್ರಾಂತ್ಯದ ಆಸ್ಪತ್ರೆ. ಬೆಂಗಳೂರಿನದು ಮೈಸೂರು ಸಂಸ್ಥಾನದ್ದು. ಆಳಂದ, ಅಫಜಲಪುರ, ಜೇವರ್ಗಿಗಳು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಷ್ಟೇ ಈ ಕಡೆಗೆ ಸೇರಿದವು. ರಾಜ್ಯ ಒಂದಾದರೂ ದೂರವೇನೂ ಕಡಿಮೆಯಾಗಲಿಲ್ಲ. ತೊಗರಿ ರಾಶಿಯ ಕಾಲದಲ್ಲಿ ದಿನದ ಕೂಲಿ ಬಿಟ್ಟು ಬೆಂಗಳೂರಿನವರೆಗೆ ರೋಗಿಯನ್ನು ಕರೆದೊಯ್ಯುವುದು ಎಷ್ಟು ಮನೆಗಳಿಗೆ ಸಾಧ್ಯ?

ಈ ಭಾಗದ ಇನ್ನೊಂದು ಸಂಕಟ ಸೇಂದಿಯದು. ಈಚಲ ಮರದ ಹುಳಿರಸವಷ್ಟೇ ಆಗಿದ್ದರೆ ಮಾತು ಬೇರೆ. ಅಮಲು ಹೆಚ್ಚಿಸಲು ಅದಕ್ಕೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಮದ್ದನ್ನು ಬೆರೆಸುವ ಕೆಟ್ಟ ಚಾಳಿ ಬೆಳೆಯಿತು. ರಾಜ್ಯದಲ್ಲಿ 2004ರಲ್ಲಿ ಸೇಂದಿಗೂ, 2007ರ ಜುಲೈ 1ರಿಂದ ಸಾರಾಯಿಗೂ ನಿಷೇಧ ಬಂತು. ಬಾಟಲಿ ಮುಚ್ಚಿದೊಡನೆ ದೇಹ ಸುಮ್ಮನಾಗುವುದಿಲ್ಲ. ನಿತ್ಯ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈ ನಡುಗುತ್ತದೆ, ಕೆಲವರಿಗೆ ಸೆಳವು ಬರುತ್ತದೆ, ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡುತ್ತವೆ, ದಿನ ಯಾವುದು ಊರು ಯಾವುದು ಎಂಬುದೇ ಮರೆಯುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋದೀತು. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ತಡೆ ಬಿದ್ದಾಗ ಆಸ್ಪತ್ರೆಗಳು ಇಂಥವರಿಂದ ತುಂಬಿದವು. ಮನೆಯವರ ಕಣ್ಣಿಗೆ ಇದು ಗಾಳಿಯಲ್ಲದೆ ಮತ್ತೇನು? ಸೂಕ್ತ ಮಾತ್ರೆ, ಥಯಮಿನ್ ಚುಚ್ಚುಮದ್ದು ಮತ್ತು ನಾಲ್ಕು ದಿನದ ನಿಗಾ ದೊರೆತರೆ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಅದನ್ನು ಗುರುತಿಸುವ ಕಣ್ಣು ಬೇಕು, ಅಷ್ಟೆ.

ಆದರೆ ಎಲ್ಲವೂ ಕುಡಿತದ ಫಲವಲ್ಲ ಎಂಬಲ್ಲಿಯೇ ತೊಡಕು ಇದೆ. ಖಿನ್ನತೆಯಿಂದ ನಿದ್ದೆಗೆಟ್ಟು ಕುಡಿತಕ್ಕೆ ಬಿದ್ದವನಿರುತ್ತಾನೆ; ಕುಡಿದು ಕುಡಿದೇ ಖಿನ್ನನಾದವನೂ ಇರುತ್ತಾನೆ. ಕಿವಿಯಲ್ಲಿ ಕೇಳುವ ದನಿಗಳನ್ನು ಅಡಗಿಸಲು ಕುಡಿಯುವವನನ್ನು ಊರು 'ಕುಡುಕ' ಎಂದಷ್ಟೇ ಕರೆಯುತ್ತದೆ. ಯಾವುದು ಮೊದಲು ಬಂತು, ಕುಡಿತ ನಿಂತ ಕೆಲವು ವಾರಗಳ ಬಳಿಕವೂ ಉಳಿದದ್ದೇನು ಎಂದು ಕೇಳಿ ತಿಳಿಯದ ವೈದ್ಯ ಅರ್ಧ ರೋಗಕ್ಕೆ ಮಾತ್ರ ಮದ್ದು ಕೊಟ್ಟಂತಾಗುತ್ತದೆ.

ನಮ್ಮ ದೇಶದಲ್ಲಿ ಆದದ್ದೂ ಅದೇ. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರೋಗ್ಯ ಸಚಿವಾಲಯದ ಕೂಸು. 1980ರ ದಶಕದ ನಡುವಿನಿಂದ ಹುಟ್ಟಿದ ವ್ಯಸನಮುಕ್ತಿ ಕೇಂದ್ರಗಳಲ್ಲಿ ಬಹಳಷ್ಟು ಕಲ್ಯಾಣ ಇಲಾಖೆಯ ಅನುದಾನದಲ್ಲಿ ನಡೆದವು. ಹೀಗೆ ಒಬ್ಬನೇ ರೋಗಿಗೆ ಎರಡು ಬಾಗಿಲು. ಒಂದರಲ್ಲಿ 'ಮೊದಲು ಕುಡಿತ ಬಿಟ್ಟು ಬಾ' ಎನ್ನುವರು, ಇನ್ನೊಂದರಲ್ಲಿ 'ಮೊದಲು ತಲೆ ಸರಿಮಾಡಿಕೊಂಡು ಬಾ'. ಅಮೆರಿಕೆಯಲ್ಲೂ ಇದೇ ಕಥೆಯಿತ್ತು. ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯೊಂದರ ಫಲಿತಾಂಶ 1990ರಲ್ಲಿ ಪ್ರಕಟವಾದಾಗ, ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಶೇ. 47ರಷ್ಟು ಮಂದಿಗೆ ಜೀವನದ ಒಂದಲ್ಲ ಒಂದು ಹಂತದಲ್ಲಿ ವ್ಯಸನವೂ ಇದ್ದುದು ಕಂಡುಬಂತು. ಎರಡಕ್ಕೂ ಒಂದೇ ತಂಡ, ಒಂದೇ ಕಾಲದಲ್ಲಿ ಚಿಕಿತ್ಸೆ ಕೊಡಬೇಕೆಂಬ ವಿಚಾರ ಬಲಗೊಂಡದ್ದು ಆ ವರ್ಷಗಳಲ್ಲಿ.

ಊರಿನ ವೈದ್ಯರಿಗೆ ಮನೋವೈದ್ಯವನ್ನು ಕಲಿಸುವ ದಾರಿಯನ್ನು ತೋರಿದವರಲ್ಲಿ ನಮ್ಮ ನಾಡಿನವರೇ ಮುಂದಿದ್ದರು ಎನ್ನುವುದು ಹೆಮ್ಮೆಯ ಸಂಗತಿ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಮರುವರ್ಷವೇ ಸಮುದಾಯ ಮನೋವೈದ್ಯ ಘಟಕವನ್ನು ತೆರೆದು ಸಕಲವಾರದ ಹಳ್ಳಿಗಳತ್ತ ನಡೆಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಕೆಲವೇ ಅಗತ್ಯ ಮಾತ್ರೆಗಳನ್ನು ಅಲ್ಲಿಯೇ ಒದಗಿಸಿದರು. 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇಂದು ಕಲಬುರಗಿಯೂ ಸೇರಿ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದಿದೆ. ಆದರೂ ಬಳ್ಳಾರಿಯ ಪಾಠದಲ್ಲಿ ತೀವ್ರ ಮನೋರೋಗ, ಮೂರ್ಛೆರೋಗಗಳಿಗೆ ಸಿಕ್ಕ ಸ್ಥಾನ ಕುಡಿತಕ್ಕೆ ಸಿಗಲಿಲ್ಲವೆಂದೇ ನನ್ನ ಎಣಿಕೆ.

ಕೊರತೆ ತುಂಬಿಸುವ ಯತ್ನ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. 2003ರಲ್ಲಿ ಅಮೆರಿಕೆಯ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಎಂಬ ಯಕೃತ್ತಿನ ತಜ್ಞರು, ದೂರದ ಹಳ್ಳಿಗಳ ವೈದ್ಯರನ್ನು ವಿಡಿಯೋ ಮೂಲಕ ಕೂಡಿಸಿ, ಅವರವರ ರೋಗಿಗಳ ವಿವರವನ್ನೇ ಪಾಠವಾಗಿಸಿ ಕಲಿಸಲಾರಂಭಿಸಿದರು. 'ಎಕೋ' ಎಂಬ ಹೆಸರಿನ ಈ ಕ್ರಮವನ್ನು ನಿಮ್ಹಾನ್ಸ್ 2014ರ ಸುಮಾರಿಗೆ ವ್ಯಸನ ಚಿಕಿತ್ಸೆಗೆ ಅಳವಡಿಸಿಕೊಂಡಿತು. ಛತ್ತೀಸಗಢದ ಹಿಂದುಳಿದ ಜಿಲ್ಲೆಗಳ ಆಪ್ತಸಮಾಲೋಚಕರಿಗೆ ಮಾನಸಿಕ ಆರೋಗ್ಯವನ್ನೂ ವ್ಯಸನವನ್ನೂ ಬೆಸೆದೇ ಕಲಿಸಿದರು; ಅದರ ವರದಿ 2018ರಲ್ಲಿ ಪ್ರಕಟವಾಯಿತು. ಜೇವರ್ಗಿಯ ವೈದ್ಯರು ತಮ್ಮ ರೋಗಿಯನ್ನು ಬೆಂಗಳೂರಿಗೆ ಕಳುಹಿಸುವ ಬದಲು, ಬೆಂಗಳೂರಿನ ತಿಳಿವಳಿಕೆಯನ್ನೇ ಜೇವರ್ಗಿಗೆ ಕರೆಸಿಕೊಳ್ಳುವ ಉಪಾಯವಿದು.

ಇಂಥ ತರಬೇತಿ ಯಾಕೆ ಬೇಕೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಡೈಸಲ್ಫಿರಾಂ ಎಂಬ ಮಾತ್ರೆ ತೆಗೆದುಕೊಂಡವನು ಕುಡಿದರೆ ವಾಂತಿ, ಎದೆಬಡಿತಗಳಿಂದ ಕಂಗೆಡುತ್ತಾನೆ. ಅದನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಮನೆಗಳಿವೆ. ಅದು ಪ್ರಾಣಕ್ಕೇ ಅಪಾಯ. ಇನ್ನು, ಒಳಗೆ ಮನೋವಿಕಾರ ಅಡಗಿದ್ದರೆ ಅದೇ ಮಾತ್ರೆ ಅದನ್ನು ಕೆರಳಿಸಬಲ್ಲದು. ಕುಡಿತವನ್ನಷ್ಟೇ ಕಲಿತವರಿಗೆ ಇದು ಹೊಳೆಯದೆ ಹೋಗಬಹುದು. 1935ರಲ್ಲಿ ಹುಟ್ಟಿದ, ನಮ್ಮ ಎಷ್ಟೋ ಚರ್ಚ್ ಸಭಾಂಗಣಗಳಲ್ಲಿ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದಲ್ಲೂ 'ಎಲ್ಲ ಮಾತ್ರೆಗಳನ್ನೂ ಬಿಡು' ಎಂದು ಉಪದೇಶಿಸುವವರು ಸಿಗುತ್ತಾರೆ. ಆ ಸಂಸ್ಥೆಯೇ ತನ್ನ ಕಿರುಹೊತ್ತಗೆಯಲ್ಲಿ ಸದಸ್ಯರು ವೈದ್ಯರಾಗಬಾರದೆಂದು ಎಚ್ಚರಿಸಿದೆ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮದ್ಯ ಮತ್ತು ಮಾದಕದ್ರವ್ಯಗಳಿಂದಾಗುವ ಮನೋಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿತು. ಕಾಗದದ ಮೇಲೆ ಎರಡು ಬಾಗಿಲು ಒಂದಾದವು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ಉಚಿತವಾಗಿ, ಎರಡೂ ಸಂಕಟಗಳನ್ನು ಹೇಳಿಕೊಳ್ಳಬಹುದು. ಮುಂದಿನ ಸಲ ನಿಮ್ಮ ಮನೆಯವರೊಬ್ಬರನ್ನು ಕುಡಿತದ ಕಾರಣಕ್ಕೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಾಗ, ಅವರ ನಿದ್ದೆ, ಭಯ, ಕೇಳುವ ದನಿಗಳು, ಸಾಯುವ ಮಾತು ಇವನ್ನೂ ವೈದ್ಯರಿಗೆ ತಿಳಿಸಿರಿ. ಅವರು ಕೇಳದಿದ್ದರೂ ತಿಳಿಸಿರಿ.